ಯೂಟಾದ ಮರುಭೂಮಿ ಘಾಟಿಗಳು: ಶೇಫರ್, ಮೋಕಿ ಡಗ್‌ವೇ, ಬರ್ ಟ್ರೈಲ್, ವೈಟ್ ರಿಮ್ – ನಿಮಗೆ ಯಾವುದು?

ಯೂಟಾ ಪ್ರವಾಸಕ್ಕೆ ಹೊರಟ ಕನ್ನಡದ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಕೆಂಪು ಬಂಡೆಯ ಮೇಲಿಂದ ಸುತ್ತಿ ಸುತ್ತಿ ಇಳಿಯೋ ಮಣ್ಣಿನ ರಸ್ತೆ ಇದೆಯಲ್ಲ, ಅದರಲ್ಲಿ ನಮ್ಮ ಗಾಡಿ ಹೋಗುತ್ತಾ?" ಯಾವ ರಸ್ತೆ ಎಂದು ತಿರುಗಿ ಕೇಳಿದರೆ ಹೆಚ್ಚಿನವರು ಒಂದು ಫೋಟೋ ಕಳಿಸುತ್ತಾರೆ. ಆ ಫೋಟೋಗಳಲ್ಲಿರುವುದು ಒಂದೇ ರಸ್ತೆಯಲ್ಲ. ಮೋಆಬ್ ಊರಿನ ಹತ್ತಿರ, ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಶೇಫರ್ ಟ್ರೈಲ್ ಒಂದು. ಅದು ಇಳಿದು ಮುಟ್ಟುವ, 100 ಮೈಲಿ ಉದ್ದದ ವೈಟ್ ರಿಮ್ ರಸ್ತೆ ಇನ್ನೊಂದು. ದಕ್ಷಿಣದಲ್ಲಿ ಮೆಕ್ಸಿಕನ್ ಹ್ಯಾಟ್ ಎಂಬ ಪುಟ್ಟ ಊರಿನ ಬಳಿಯ ಮೋಕಿ ಡಗ್‌ವೇ ಮೂರನೆಯದು. ಪಶ್ಚಿಮಕ್ಕೆ ಕ್ಯಾಪಿಟಲ್ ರೀಫ್ ಉದ್ಯಾನದೊಳಗೆ ಹಾಯುವ ಬರ್ ಟ್ರೈಲ್ ನಾಲ್ಕನೆಯದು. ಫೋಟೋದಲ್ಲಿ ನಾಲ್ಕೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಚಕ್ರದ ಕೆಳಗೆ ಬಂದಾಗ ನಾಲ್ಕರ ಸ್ವಭಾವವೂ ಬೇರೆ.

"ಆಗುಂಬೆಯ 14 ತಿರುವು ಇಳಿದವನಿಗೆ ಇದೇನು ಮಹಾ" ಎನ್ನುವವರಿದ್ದಾರೆ. ಅರ್ಧ ನಿಜ. ಘಾಟಿಯಲ್ಲಿ ಓಡಿಸಿ ಬಂದ ತಾಳ್ಮೆ, ತಿರುವಿಗೆ ಮುನ್ನ ಗೇರು ಇಳಿಸುವ ಅಭ್ಯಾಸ, ಎದುರಿನವನಿಗೆ ದಾರಿ ಬಿಡುವ ಗುಣ ಇಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತವೆ. ಆದರೆ ಆಗುಂಬೆಯಲ್ಲಿ ಕೆಳಗಿನ ಆಳವನ್ನು ಮರಗಳು ಮುಚ್ಚುತ್ತವೆ, ಅಂಚಿಗೆ ತಡೆಗೋಡೆ ಇದೆ, ಚಕ್ರದಡಿ ಡಾಂಬರು ಇದೆ. ಇಲ್ಲಿ ಮರವಿಲ್ಲ, ಗೋಡೆಯಿಲ್ಲ. ನೀವು ಇನ್ನೂ ಇಳಿಯಬೇಕಾದ ಏಳೆಂಟು ತಿರುವುಗಳೂ ಒಟ್ಟಿಗೇ ಕಣ್ಣ ಮುಂದೆ ಬಿಚ್ಚಿಕೊಂಡಿರುತ್ತವೆ. ಗಾಡಿ ಓಡಿಸುವ ಕೈಗೆ ಇದು ಹೊಸದಲ್ಲದಿರಬಹುದು, ಕಣ್ಣಿಗೆ ಹೊಸದು.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಇವನ್ನು ನೋಟಕ್ಕಾಗಿ ಕಡಿದದ್ದಲ್ಲ. ಇವುಗಳಲ್ಲಿ ಕೆಲವು ಮೊದಲು ದನಗಾಹಿಗಳ ದಾರಿಗಳು, ಅದಕ್ಕೂ ಹಿಂದೆ ಇಲ್ಲಿನ ಮೂಲನಿವಾಸಿಗಳ ಕಾಲುಹಾದಿಗಳು. 1950ರ ದಶಕದಲ್ಲಿ ಅಣುಬಾಂಬಿಗೆ ಯುರೇನಿಯಂ ಬೇಕಾದಾಗ ಈ ಬಂಡೆಗಳ ನಾಡಿಗೆ ಅದಿರು ಹುಡುಕುವವರ ದಂಡೇ ಬಂತು, ಹಳೆಯ ಹಾದಿಗಳನ್ನು ಲಾರಿ ಹೋಗುವಷ್ಟು ಅಗಲ ಮಾಡಿದರು. ಮೋಕಿ ಡಗ್‌ವೇಯನ್ನಂತೂ 1958ರಲ್ಲಿ ಗಣಿ ಕಂಪನಿಯೇ ಕಡಿಸಿತು, ಹ್ಯಾಪಿ ಜ್ಯಾಕ್ ಗಣಿಯ ಅದಿರನ್ನು ಮೆಕ್ಸಿಕನ್ ಹ್ಯಾಟ್ ಬಳಿಯ ಕಾರ್ಖಾನೆಗೆ ಇಳಿಸಲಿಕ್ಕೆ. ತುಂಬಿದ ಲಾರಿ ಇಳಿದ ರಸ್ತೆಯ ಏರು ಒಂದು ಸಾಧಾರಣ ಕಾರಿಗೆ ಅಸಾಧ್ಯವೇನಲ್ಲ. ಹಾಗಾಗಿ "ಎಷ್ಟು ಕಡಿದು?" ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯಲ್ಲ. ನೆಲ ಹೇಗಿದೆ, ಅಂಚು ಹೇಗಿದೆ, ಹವೆ ಹೇಗಿದೆ, ನಿಮ್ಮ ಜೊತೆ ಯಾರಿದ್ದಾರೆ, ಇವು ಮುಖ್ಯ.

ಏನನ್ನು ಅಳೆದು ಆರಿಸಬೇಕು

ಮೊದಲನೆಯದು ಗಾಡಿ. ಅದಕ್ಕಿಂತ ಮೊದಲು ಗಾಡಿಯ ಕರಾರುಪತ್ರ. ವಿಮಾನ ನಿಲ್ದಾಣದಲ್ಲಿ ಸಿಗುವ ಮಾಮೂಲಿ ಬಾಡಿಗೆ ಕಾರುಗಳ ಕರಾರಿನಲ್ಲಿ ಡಾಂಬರಿಲ್ಲದ ರಸ್ತೆಗೆ ಇಳಿಸಬಾರದು ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಸ್‌ಯುವಿ ಕೊಟ್ಟಿದ್ದಾರೆ ಅಂದ ಮಾತ್ರಕ್ಕೆ ಅನುಮತಿ ಕೊಟ್ಟಂತಲ್ಲ. ಆ ಸಾಲು ಮುರಿದರೆ ನೀವು ದುಡ್ಡು ಕೊಟ್ಟು ಕೊಂಡ ವಿಮೆಯೂ ಕೈಬಿಡಬಹುದು, ಕ್ರೆಡಿಟ್ ಕಾರ್ಡಿನ ಜೊತೆ ಬರುವ ವಿಮೆಯೂ ಕೈಬಿಡಬಹುದು. ಒಡೆದ ಟೈರಿನ ಖರ್ಚು ತಡೆದುಕೊಳ್ಳಬಹುದು. ಕಣಿವೆಯ ತಳದಿಂದ ಗಾಡಿ ಎಳೆಸುವ ಖರ್ಚು ಹಾಗಲ್ಲ, ಕ್ಯಾನ್ಯನ್‌ಲ್ಯಾಂಡ್ಸ್‌ನ ಒಳಭಾಗದಿಂದ ಎಳೆಸಿದರೆ 1,000 ಡಾಲರ್ ದಾಟುವುದು ಸಾಮಾನ್ಯ. ಆದ್ದರಿಂದ ಕರಾರಿನ ಆ ಪುಟವನ್ನು ಕೌಂಟರಿನಲ್ಲೇ ಓದಿ. ಕೇಳಲು ಸಂಕೋಚ ಬೇಡ. ಮೋಆಬ್‌ನಲ್ಲಿ ಕಚ್ಚಾ ರಸ್ತೆಗೆಂದೇ ಜೀಪು ಬಾಡಿಗೆಗೆ ಕೊಡುವವರು ಬಹಳ ಜನ ಇದ್ದಾರೆ. ಅವರು ಯಾವ ದಾರಿಗೆ ಹೋಗಬಹುದು, ಯಾವುದಕ್ಕೆ ಬೇಡ ಎಂದು ಸ್ಪಷ್ಟವಾಗಿ ಹೇಳಿಯೇ ಕೀ ಕೊಡುತ್ತಾರೆ. ಬಾಡಿಗೆ ಮಾಮೂಲಿ ಕಾರಿನ ಹಲವು ಪಟ್ಟು. ಆ ದುಡ್ಡಿನ ಬಹುಪಾಲು ನಿಶ್ಚಿಂತೆಯ ಬೆಲೆ ಎಂದೇ ನಾನು ಎಣಿಸುತ್ತೇನೆ.

ಗಾಡಿಯ ವಿಷಯದಲ್ಲೇ ಇನ್ನೊಂದು ಗೊಂದಲ ಬಿಡಿಸಬೇಕು. ಆಲ್ ವೀಲ್ ಡ್ರೈವ್ ಬೇರೆ, ಲೋ ರೇಂಜ್ ಇರುವ ಫೋರ್ ವೀಲ್ ಡ್ರೈವ್ ಬೇರೆ. ಸಿಆರ್-ವಿ, ರಾವ್4ನಂಥ ಗಾಡಿಗಳಲ್ಲಿ ಇರುವುದು ಮೊದಲನೆಯದು, ಅದು ಜಾರುವ ನೆಲದಲ್ಲಿ ಹಿಡಿತ ಕೊಡುತ್ತದೆ. ರ್ಯಾಂಗ್ಲರ್, ಫೋರ್‌ರನ್ನರ್‌ನಂಥವುಗಳಲ್ಲಿ 'ಫೋರ್ ಲೋ' ಎಂಬ ಬೇರೆಯೇ ಗೇರು ಹಂತ ಇರುತ್ತದೆ. ಅದನ್ನು ಹಾಕಿದರೆ ಬ್ರೇಕು ಮುಟ್ಟದೆಯೇ ಗಾಡಿ ನಡಿಗೆಯ ವೇಗದಲ್ಲಿ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ನಿಮ್ಮ ಪ್ರಾಣ ಕಾಯುವುದು ಇದು. ನೆಲದಿಂದ ಗಾಡಿಯ ಹೊಟ್ಟೆಗೆ ಇರುವ ಎತ್ತರವೂ ಅಷ್ಟೇ ಮುಖ್ಯ.

ಎರಡನೆಯದು ಗಾಡಿಯಲ್ಲಿರುವ ಜನ. ಇಲ್ಲಿ ನನ್ನ ಅಭಿಪ್ರಾಯ ಖಚಿತ: ರಸ್ತೆಯನ್ನು ಆರಿಸುವುದು ಓಡಿಸುವವನ ಧೈರ್ಯ ನೋಡಿ ಅಲ್ಲ, ಒಳಗೆ ಕೂತವರಲ್ಲಿ ಅತಿ ಹೆಚ್ಚು ಹೆದರುವವರು ಯಾರೋ ಅವರನ್ನು ನೋಡಿ. ಎತ್ತರದ ಭಯ ಇರುವವರು ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿ, ಸೀಟನ್ನು ಬಿಗಿಯಾಗಿ ಹಿಡಿದು ಒಂದು ಗಂಟೆ ಕಳೆಯುವ ದಾರಿ ಪ್ರವಾಸವಲ್ಲ, ಶಿಕ್ಷೆ. ಅರ್ಧ ದಾರಿಯಲ್ಲಿ "ವಾಪಸ್ ಹೋಗೋಣ" ಎಂದರೆ ತಿರುಗಿಸಲು ಜಾಗ ಸಿಗುವುದೂ ಕಷ್ಟ.

ಮೂರನೆಯದು ಹವೆ. ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಜೂನ್, ಜುಲೈನಲ್ಲಿ ತಳದ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗುಮಳೆ. ಎಲ್ಲೋ ದೂರದ ಗುಡ್ಡದ ಮೇಲೆ ಬಿದ್ದ ಮಳೆ ಇಲ್ಲಿನ ಒಣ ಹಳ್ಳದಲ್ಲಿ ಕೆಂಪು ನೀರಾಗಿ ನುಗ್ಗುತ್ತದೆ. ಒಣಗಿದಾಗ ಕಲ್ಲಿನಂತಿರುವ ಇಲ್ಲಿನ ಜೇಡಿ ಮಣ್ಣು ನೆನೆದರೆ ಚಕ್ರಕ್ಕೆ ಮೆತ್ತಿಕೊಂಡು ಟೈರಿನ ಗೀರುಗಳನ್ನೇ ಮುಚ್ಚಿಬಿಡುತ್ತದೆ. ಆಗ ಯಾವ ಜೀಪೂ ಲೆಕ್ಕಕ್ಕಿಲ್ಲ. ಚಳಿಗಾಲದಲ್ಲಿ ಬಿಸಿಲು ತಾಗದ ತಿರುವುಗಳಲ್ಲಿ ಹಿಮ ಗಟ್ಟಿಯಾಗಿ ಕೂತಿರುತ್ತದೆ.

ಉಳಿದವು ಸಮಯ ಮತ್ತು ದುಡ್ಡು. ಇವನ್ನು ಒಂದೊಂದು ರಸ್ತೆಯ ಜೊತೆಗೇ ಹೇಳುತ್ತೇನೆ.

ಶೇಫರ್ ಟ್ರೈಲ್

ನಾಲ್ಕರಲ್ಲಿ ಅತ್ಯಂತ ಸುಂದರವಾದದ್ದು ಇದು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಐಲ್ಯಾಂಡ್ ಇನ್ ದ ಸ್ಕೈ ಎಂಬ ಎತ್ತರದ ಬಯಲು ಸುಮಾರು 6,000 ಅಡಿಯ ಮೇಲಿದೆ. ಅಲ್ಲಿಂದ ಈ ರಸ್ತೆ ಸುಮಾರು 1,500 ಅಡಿ ಇಳಿದು ಕೆಳಗಿನ ಹಂತಕ್ಕೆ ತಲುಪುತ್ತದೆ. ಮೇಲ್ಭಾಗದಲ್ಲಿ ವಿಂಗೇಟ್ ಮರಳುಗಲ್ಲಿನ ನೆಟ್ಟಗಿನ ಗೋಡೆಗೆ ಅಂಟಿಕೊಂಡು ಒಂದು ಉದ್ದನೆಯ ಓಟ. ಆ ಗೋಡೆ ಮುಗಿದು ಕೆಳಗಿನ ಸಡಿಲ ಇಳಿಜಾರು ಶುರುವಾದ ಕಡೆ ತಿರುವುಗಳ ಸರಣಿ. ಶೇಫರ್ ಮನೆತನದವರು 20ನೇ ಶತಮಾನದ ಆರಂಭದಲ್ಲಿ ಇದೇ ಹಾದಿಯಲ್ಲಿ ದನಗಳನ್ನು ಮೇಲಕ್ಕೂ ಕೆಳಕ್ಕೂ ಹೊಡೆಯುತ್ತಿದ್ದರು.

ಒಂದು ತಿರುವನ್ನು ಹತ್ತಿರದಿಂದ ನೋಡೋಣ. ಜೀಪಿನ ಮೂತಿ ತಿರುವಿನ ತುದಿಗೆ ಬಂದಾಗ ಬಾನೆಟ್ಟಿನ ಆಚೆ ರಸ್ತೆಯೇ ಕಾಣುವುದಿಲ್ಲ, ದೂರದ ಲಾ ಸಾಲ್ ಬೆಟ್ಟವೋ ಬರೀ ಆಕಾಶವೋ ಕಾಣುತ್ತದೆ. ಚಕ್ರ ಪೂರ್ತಿ ತಿರುಗಿಸುತ್ತೀರಿ. ಮುಂದಿನ ಟೈರಿನಡಿ ಸಣ್ಣ ಕಲ್ಲುಗಳು ಕಟಕಟ ಎಂದು ಸರಿಯುತ್ತವೆ. ಮೂತಿ ತಿರುಗಿದ ಮೇಲೆ ಕೆಳಗಿನ ರಸ್ತೆ ಮತ್ತೆ ಎದುರಿಗೆ ಬರುತ್ತದೆ, ಅಷ್ಟು ಹೊತ್ತು ಗೋಡೆಯ ಕಡೆ ಕೂತವರು ಈಗ ಪ್ರಪಾತದ ಕಡೆ ಕೂತಿರುತ್ತಾರೆ. ಓಡಿಸುವವರ ಪಕ್ಕದಲ್ಲಿ ಕೂತವರು ಆ ಎರಡು ಸೆಕೆಂಡಿನಲ್ಲಿ ಮಾತು ನಿಲ್ಲಿಸುತ್ತಾರೆ. ಇದು ಪ್ರತಿ ತಿರುವಿನಲ್ಲೂ ಆಗುತ್ತದೆ. ಇದು ಹಿತವೋ ಹಿಂಸೆಯೋ ಎಂಬುದರ ಮೇಲೆ ನಿಮ್ಮ ಆಯ್ಕೆ ನಿಂತಿದೆ.

ಉದ್ಯಾನದವರ ಸಲಹೆ ನೆಲದಿಂದ ಎತ್ತರವಿರುವ ಫೋರ್ ವೀಲ್ ಡ್ರೈವ್ ಗಾಡಿ. ಒಣ ಹವೆಯಲ್ಲಿ ತಿರುವುಗಳ ಭಾಗವನ್ನು ಆಲ್ ವೀಲ್ ಡ್ರೈವ್ ಗಾಡಿಗಳೂ ಇಳಿದು ಹತ್ತುವುದನ್ನು ನೀವು ನೋಡುತ್ತೀರಿ. ನಾನು ಅವರನ್ನು ನೋಡಿ ತೀರ್ಮಾನಿಸಬೇಡಿ ಎನ್ನುತ್ತೇನೆ. ಕಾರಣ ತಿರುವುಗಳಲ್ಲ. ತಿರುವು ಇಳಿದ ಮೇಲೆ ಮೋಆಬ್ ಕಡೆಗೆ ಹೋಗುವ ಪೊಟಾಶ್ ರಸ್ತೆಯಲ್ಲಿ ಬಂಡೆಯ ಮೆಟ್ಟಿಲುಗಳಂಥ ಅಂಚುಗಳಿವೆ, ಹಳ್ಳ ದಾಟುವ ಜಾಗಗಳಿವೆ. ತಗ್ಗಿನ ಗಾಡಿಯ ಹೊಟ್ಟೆ ತಾಗುವುದು ಅಲ್ಲಿ. ಆಗ ವಾಪಸ್ ಹೋಗಲು ಇಳಿದ ತಿರುವುಗಳನ್ನೇ ಹತ್ತಬೇಕು.

ಗಾಡಿ ಸರಿಯಿದ್ದರೆ ನನ್ನ ಮೆಚ್ಚಿನ ಕ್ರಮ ಹೀಗೆ: ಬೆಳಗಿನ ಜಾವ ಮೇಸಾ ಆರ್ಚ್ ಎಂಬ ಕಲ್ಲಿನ ಕಮಾನಿನ ಬಳಿ ಸೂರ್ಯೋದಯ ನೋಡಿ, ನಂತರ ಶೇಫರ್ ಇಳಿದು, ಪೊಟಾಶ್ ರಸ್ತೆಯಲ್ಲಿ ಮೋಆಬ್‌ಗೆ ಊಟದ ಹೊತ್ತಿಗೆ ಮುಟ್ಟುವುದು. ದಾರಿಯಲ್ಲಿ ಡೆಡ್ ಹಾರ್ಸ್ ಪಾಯಿಂಟ್ ಎಂಬ ನೋಟದ ತಾಣ ತಲೆಯ ಮೇಲೆ ಕಾಣುತ್ತದೆ, ಕೊಲರಾಡೋ ನದಿ ಕೆಳಗೆ ಕಾಣುತ್ತದೆ. ಕೆಂಪು ನೆಲದ ನಡುವೆ ಥಟ್ಟನೆ ಗಾಢ ನೀಲಿ ಕೊಳಗಳು ಎದುರಾಗುತ್ತವೆ. ಅವು ಪೊಟಾಶ್ ಉಪ್ಪನ್ನು ಒಣಗಿಸುವ ಕೊಳಗಳು. ಬಿಸಿಲನ್ನು ಹೆಚ್ಚು ಹೀರಿ ನೀರು ಬೇಗ ಆವಿಯಾಗಲಿ ಎಂದು ನೀಲಿ ಬಣ್ಣ ಬೆರೆಸುತ್ತಾರೆ. ಕಾರ್ಖಾನೆ ದಾಟಿದ ಮೇಲೆ ಡಾಂಬರು ಸಿಗುತ್ತದೆ, ನದಿಯ ದಡದಲ್ಲೇ ಊರಿನ ಕಡೆಗೆ ಓಟ. ಒಟ್ಟು ಅರ್ಧ ದಿನ ಇಟ್ಟುಕೊಳ್ಳಿ.

ಖರ್ಚು: ಉದ್ಯಾನದ ಪ್ರವೇಶ ಒಂದು ವಾಹನಕ್ಕೆ 30 ಡಾಲರ್, 7 ದಿನ ನಡೆಯುತ್ತದೆ. ಜೀಪಿನ ಬಾಡಿಗೆ ಅದಕ್ಕೆ ಸೇರಿಸಿ. ಓಡಿಸುವ ಆತಂಕವೇ ಬೇಡ ಎನ್ನುವವರು ಮೋಆಬ್‌ನಿಂದ ಚಾಲಕರ ಸಮೇತ ಹೊರಡುವ ಅರ್ಧ ದಿನದ ಪ್ರವಾಸ ಹಿಡಿಯಬಹುದು. ಇಬ್ಬರೇ ಇದ್ದರೆ ಜೀಪು ಬಾಡಿಗೆಗಿಂತ ಇದೇ ಅಗ್ಗವಾಗುವುದುಂಟು. ಓಡಿಸುವವರಿಗೂ ಆಚೀಚೆ ನೋಡುವ ಭಾಗ್ಯ ಸಿಗುವುದು ಹೀಗೆ ಮಾತ್ರ.

ಇನ್ನೂ ಅನುಮಾನವಿದ್ದರೆ ಒಂದು ಸುಲಭದ ಪರೀಕ್ಷೆಯಿದೆ. ವಿಸಿಟರ್ ಸೆಂಟರ್ ದಾಟಿ ಸ್ವಲ್ಪ ಮುಂದೆ ಶೇಫರ್ ಕ್ಯಾನ್ಯನ್ ನೋಟದ ತಾಣವಿದೆ, ಅಲ್ಲಿಂದ ಇಡೀ ತಿರುವುಗಳ ಸರಣಿ ಕಾಣುತ್ತದೆ. ಮನೆಯವರನ್ನೆಲ್ಲ ಅಲ್ಲಿ ನಿಲ್ಲಿಸಿ, ಕೆಳಗೆ ಹೋಗುತ್ತಿರುವ ಒಂದು ಜೀಪನ್ನು ಪೂರ್ತಿ ಇಳಿಯುವವರೆಗೆ ನೋಡಿ. ಎಲ್ಲರ ಮುಖದಲ್ಲಿ ಉತ್ಸಾಹ ಉಳಿದಿದ್ದರೆ ಹೋಗಿ. ಯಾರಾದರೂ ಹಿಂದೆ ಸರಿದರೆ ಆ ನೋಟವನ್ನೇ ಕಣ್ತುಂಬ ನೋಡಿ ಬನ್ನಿ. ಅದೂ ಕಡಿಮೆಯದಲ್ಲ.

ಮೋಕಿ ಡಗ್‌ವೇ

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಲ್ಲಿ ಹತ್ತಕ್ಕೆ ಏಳೆಂಟಕ್ಕೆ ನಾನು ಸೂಚಿಸುವುದು ಇದನ್ನೇ. ಇದು ಯೂಟಾ ರಾಜ್ಯದ 261ನೇ ಹೆದ್ದಾರಿಯ ಭಾಗ. ಡಾಂಬರು ರಸ್ತೆ ಬಂಡೆಯ ಬುಡಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ 3 ಮೈಲಿ ಜಲ್ಲಿಯ ಘಾಟಿ. ಮೇಲೆ ಸೀಡರ್ ಮೇಸಾ ಎಂಬ ಎತ್ತರದ ಬಯಲು ಮುಟ್ಟಿದ ಕೂಡಲೇ ಮತ್ತೆ ಡಾಂಬರು. ಏರು ಸುಮಾರು 1,200 ಅಡಿ, ಇಳಿಜಾರಿನ ಪ್ರಮಾಣ ಶೇಕಡ 10ರಿಂದ 11. ತಡೆಗೋಡೆ ಇಲ್ಲ. ಆದರೆ ರಸ್ತೆ ಶೇಫರ್‌ಗಿಂತ ಅಗಲ, ನೆಲವನ್ನು ಸಮ ಮಾಡುತ್ತಿರುತ್ತಾರೆ, ಒಣ ಹವೆಯಲ್ಲಿ ಸಾಧಾರಣ ಕಾರುಗಳು ನಿರಾಳವಾಗಿ ಹೋಗುತ್ತವೆ. 28 ಅಡಿಗಿಂತ ಉದ್ದದ, 10,000 ಪೌಂಡಿಗಿಂತ ಭಾರದ ವಾಹನಗಳು ಬೇಡ ಎಂದು ರಾಜ್ಯದವರ ಸೂಚನೆ. ದೊಡ್ಡ ಆರ್‌ವಿ (ಒಳಗೇ ಮಲಗಿ ಉಳಿಯುವ ಮನೆಯಂಥ ಗಾಡಿ) ಬಾಡಿಗೆಗೆ ತಂದವರು ಇದನ್ನು ಗಮನಿಸಿ.

ಇದರ ದೊಡ್ಡ ಅನುಕೂಲವೆಂದರೆ ಬೇಗ ಮುಗಿಯುತ್ತದೆ. ಹೆದರುವವರಿದ್ದರೂ ಇಪ್ಪತ್ತು ನಿಮಿಷದ ಮಾತು. ಪ್ರವೇಶ ಶುಲ್ಕವಿಲ್ಲ, ಪರವಾನಗಿ ಬೇಡ. ಜಲ್ಲಿಯ ಮೇಲೆ ಅಡ್ಡಅಡ್ಡಕ್ಕೆ ಏರಿಳಿತ ಬಿದ್ದು ಗಾಡಿ ಗಡಗಡ ನಡುಗುತ್ತದೆ, ಅದಕ್ಕೆ ಮಕ್ಕಳು ನಗುತ್ತಾರೆ, ಹಿರಿಯರು ಸೊಂಟ ಹಿಡಿದುಕೊಳ್ಳುತ್ತಾರೆ. ನಿಧಾನಕ್ಕೆ ಹೋದರೆ ಅದೂ ಕಡಿಮೆಯಾಗುತ್ತದೆ.

ಮೇಲೆ ಹತ್ತಿದ ಕೂಡಲೇ ಎಡಬಲ ನೋಡದೆ ಮುಂದೆ ಓಡಿಬಿಡುವವರು ಬಹಳ. ಅವರು ತಪ್ಪಿಸಿಕೊಳ್ಳುವುದು ಮ್ಯೂಲಿ ಪಾಯಿಂಟ್. ಘಾಟಿಯ ನೆತ್ತಿಯಲ್ಲೇ ಅದಕ್ಕೆ ಕವಲು ಒಡೆಯುತ್ತದೆ, ಕೆಲವು ಮೈಲಿ ಮಣ್ಣಿನ ದಾರಿ. ಬಂಡೆಯ ಅಂಚಿನಲ್ಲಿ ನಿಂತರೆ ಕೆಳಗೆ ಸ್ಯಾನ್ ವಾನ್ ನದಿ ಕಡಿದ ಆಳದ ಸುರುಳಿ ಕಣಿವೆ, ಅದರಾಚೆ ದಿಗಂತದಲ್ಲಿ ಮಾನ್ಯುಮೆಂಟ್ ವ್ಯಾಲಿಯ ಗೋಪುರಗಳು. ಸಂಜೆಗೆ ಹೋಗಿ. ಘಾಟಿಯ ಬುಡದಲ್ಲಿ ವ್ಯಾಲಿ ಆಫ್ ದ ಗಾಡ್ಸ್ ಎಂಬ 17 ಮೈಲಿಯ ಮಣ್ಣಿನ ರಸ್ತೆಯಿದೆ. ಅದರ ಒಂದು ತುದಿ ಮೋಕಿಯ ಹತ್ತಿರವೇ ಬಂದು ಸೇರುತ್ತದೆ. ಜನಜಂಗುಳಿ ಇಲ್ಲದೆ ಕೆಂಪು ಗೋಪುರಗಳ ನಡುವೆ ಹೋಗಬೇಕೆಂದರೆ ಅದು.

ತೊಡಕು ಒಂದೇ: ದೂರ. ಮೋಆಬ್‌ನಿಂದ ಎರಡು ಗಂಟೆಗೂ ಹೆಚ್ಚು. ಮೋಆಬ್‌ನಲ್ಲೇ ಉಳಿದವರು ಇದಕ್ಕೆಂದೇ ಹೋಗಿಬಂದರೆ ದಿನ ಕಾರಿನಲ್ಲೇ ಕಳೆಯುತ್ತದೆ. ಗ್ರ್ಯಾಂಡ್ ಕ್ಯಾನ್ಯನ್, ಮಾನ್ಯುಮೆಂಟ್ ವ್ಯಾಲಿ ನೋಡಿಕೊಂಡು ಉತ್ತರಕ್ಕೆ ಬರುವವರಿಗೆ ಮಾತ್ರ ಇದು ದಾರಿಯಲ್ಲೇ ಸಿಗುತ್ತದೆ, ಹತ್ತಿಕೊಂಡೇ ಬರಬಹುದು. ಮೊದಲ ಸಲ ಹೋಗುವವರಿಗೆ ಕೆಳಗಿನಿಂದ ಹತ್ತುವುದೇ ಲೇಸು. ಹತ್ತುವಾಗ ಬ್ರೇಕಿನ ಚಿಂತೆಯಿಲ್ಲ, ಕಣ್ಣು ಬಂಡೆಯ ಕಡೆ ಇರುತ್ತದೆ, ಮತ್ತು ಹತ್ತುವವರಿಗೆ ದಾರಿಯ ಹಕ್ಕು ಮೊದಲು. ಹೆದ್ದಾರಿಯ ಭಾಗವಾದರೂ ಡಾಂಬರಿಲ್ಲ ಎಂಬುದು ನೆನಪಿರಲಿ. ಬಾಡಿಗೆ ಕಾರಿನ ಕರಾರು ಇಲ್ಲಿಗೂ ಅನ್ವಯಿಸುತ್ತದೆ.

ಬರ್ ಟ್ರೈಲ್

ಬ್ರೈಸ್ ಕ್ಯಾನ್ಯನ್ ಮತ್ತು ಕ್ಯಾಪಿಟಲ್ ರೀಫ್ ಎರಡನ್ನೂ ನೋಡುವವರ ರಸ್ತೆ ಇದು. ಬೋಲ್ಡರ್ ಎಂಬ ಹಳ್ಳಿಯಿಂದ ಹೊರಟು ಮೊದಲ 30 ಮೈಲಿ ಚೊಕ್ಕ ಡಾಂಬರು. ಲಾಂಗ್ ಕ್ಯಾನ್ಯನ್ ಎಂಬ ಕಡುಗೆಂಪು ಕಣಿವೆಯೊಳಗೆ ಹೋಗುವ ಆ ಭಾಗವೇ ಬಂದದ್ದಕ್ಕೆ ಸಾರ್ಥಕ. ಉದ್ಯಾನದ ಗಡಿಯಲ್ಲಿ ಡಾಂಬರು ಮುಗಿಯುತ್ತದೆ. ಸ್ವಲ್ಪ ಮುಂದೆ ವಾಟರ್‌ಪಾಕೆಟ್ ಫೋಲ್ಡ್, ಸುಮಾರು 100 ಮೈಲಿ ಉದ್ದಕ್ಕೆ ಭೂಮಿಯ ಪದರವೇ ಮಡಿಚಿ ಎದ್ದು ನಿಂತ ಏಣು. ಅದನ್ನು ರಸ್ತೆ ಅರ್ಧ ಮೈಲಿಯಲ್ಲಿ ಸುಮಾರು 800 ಅಡಿ ಇಳಿಯುತ್ತದೆ. ಚಿಕ್ಕದು, ಚುರುಕಿನದು.

ಜಾನ್ ಅಟ್ಲಾಂಟಿಕ್ ಬರ್ ಎಂಬ ದನಗಾಹಿಯ ಹೆಸರು ಈ ದಾರಿಗೆ. ಅಟ್ಲಾಂಟಿಕ್ ಸಾಗರದಲ್ಲಿ ಸಾಗುತ್ತಿದ್ದ ಹಡಗಿನಲ್ಲಿ ಹುಟ್ಟಿದ್ದರಿಂದ ಆ ನಡುವಿನ ಹೆಸರು. ದನಗಳನ್ನು ಚಳಿಗಾಲದ ಮತ್ತು ಬೇಸಿಗೆಯ ಮೇವಿನ ನಡುವೆ ಸಾಗಿಸಲು ಅವನಿಗೆ ಈ ಏಣಿನಲ್ಲಿ ಒಂದು ಸಂದು ಬೇಕಿತ್ತು.

ಒಣಗಿದ್ದರೆ ಸಾಧಾರಣ ಕಾರು ಸಾಕು, ನೆನೆದಿದ್ದರೆ ಯಾವ ಗಾಡಿಗೂ ಬೇಡ. ತಿರುವುಗಳಲ್ಲಿ ಅಂಚಿನ ಭಯ ಶೇಫರ್‌ಗಿಂತ ಬಹಳ ಕಡಿಮೆ, ಏಕೆಂದರೆ ಕಣ್ಣಿಗೆ ಬೀಳುವುದು ಪ್ರಪಾತವಲ್ಲ, ಪಕ್ಕದ ಗುಡ್ಡದ ಇಳಿಜಾರು. ಎತ್ತರಕ್ಕೆ ಹೆದರುವವರಿಗೆ ನಾಲ್ಕರಲ್ಲಿ ಇದೇ ಸಲೀಸು. ಆದರೆ ಇಳಿದ ಮೇಲೆ ಎಲ್ಲಿಗೆ ಎಂದು ಮೊದಲೇ ಯೋಚಿಸಿರಬೇಕು. ಉತ್ತರಕ್ಕೆ ನೋಟಮ್ ರಸ್ತೆ ಹಿಡಿದು 24ನೇ ಹೆದ್ದಾರಿಗೆ ಸೇರಿ, ಟೋರಿ ಊರಿನ ಮೂಲಕ ಬೋಲ್ಡರ್‌ಗೆ ಮರಳಿದರೆ ಸುಮಾರು 125 ಮೈಲಿಯ ಸುತ್ತು, ಒಂದು ದಿನದ ಕೆಲಸ. ದಕ್ಷಿಣಕ್ಕೆ ಹೋದರೆ ಲೇಕ್ ಪವೆಲ್‌ನ ಬುಲ್‌ಫ್ರಾಗ್. ನಡುವೆ ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಇಷ್ಟು ದೂರ ಬೇಡವೆಂದರೆ ತಿರುವು ಇಳಿದು, ಹತ್ತಿ, ಬಂದ ಡಾಂಬರಿನಲ್ಲೇ ವಾಪಸ್ ಬನ್ನಿ.

ವೈಟ್ ರಿಮ್

ಉಳಿದ ಮೂರರ ಸಾಲಿಗೆ ಇದನ್ನು ಸೇರಿಸಲು ನನಗೆ ಮನಸ್ಸಿಲ್ಲ, ಆದರೂ ಕೇಳುವವರಿದ್ದಾರೆ. ಇದು ಘಾಟಿಯಲ್ಲ, ಘಾಟಿಗಳನ್ನು ಪೋಣಿಸಿದ ಎರಡು ಮೂರು ದಿನದ ಪಯಣ. ಶೇಫರ್ ಇಳಿದು, 100 ಮೈಲಿ ಸುತ್ತಿ, ಇನ್ನೊಂದು ತುದಿಯಲ್ಲಿ ಮಿನರಲ್ ಬಾಟಮ್ ತಿರುವುಗಳನ್ನು ಹತ್ತಬೇಕು. ನಡುವೆ ಮರ್ಫಿ ಹಾಗ್‌ಬ್ಯಾಕ್, ಹಾರ್ಡ್‌ಸ್ಕ್ರ್ಯಾಬಲ್ ಎಂಬ ಕಡಿದಾದ ಏರುಗಳು, ಗಾಡಿಯ ಎರಡೂ ಪಕ್ಕ ಒಂದೊಂದು ಗೇಣು ಜಾಗ ಬಿಟ್ಟು ಹೋಗುವಂಥವು. ಲೋ ರೇಂಜ್ ಇರುವ ಎತ್ತರದ ಫೋರ್ ವೀಲ್ ಡ್ರೈವ್ ಕಡ್ಡಾಯ. ಒಂದೇ ದಿನಕ್ಕೆ ಹೋದರೂ ಪರವಾನಗಿ ಬೇಕು, ರಾತ್ರಿ ತಂಗಲು ತಿಂಗಳುಗಳ ಮುಂಚೆ ಕಾದಿರಿಸಬೇಕು. ದಾರಿಯಲ್ಲಿ ಕುಡಿಯುವ ನೀರು ಒಂದು ಹನಿಯೂ ಸಿಗುವುದಿಲ್ಲ. ನಾಯಿಯನ್ನು ಗಾಡಿಯೊಳಗೆ ಕೂರಿಸಿಕೊಂಡೂ ಹೋಗುವಂತಿಲ್ಲ. ವಸಂತದ ಕೊನೆಗೆ ಗ್ರೀನ್ ನದಿ ಉಕ್ಕಿದರೆ ಪಶ್ಚಿಮದ ಭಾಗದಲ್ಲಿ ರಸ್ತೆ ಮುಳುಗುತ್ತದೆ. 2010ರಲ್ಲಿ ಮಳೆಗೆ ಮಿನರಲ್ ಬಾಟಮ್ ತಿರುವುಗಳೇ ಕೊಚ್ಚಿಹೋಗಿ, ಹೊಸದಾಗಿ ಕಟ್ಟಬೇಕಾಯಿತು.

ಸ್ವಂತ ಜೀಪು, ಎರಡನೇ ಗಾಡಿಯಲ್ಲಿ ಗೆಳೆಯರು, ಟೈರು ಬದಲಿಸುವ ಕೈಚಳಕ, ಟೆಂಟಿನಲ್ಲಿ ಮಲಗುವ ಖುಷಿ ಇರುವವರಿಗೆ ಇದಕ್ಕೆ ಸಾಟಿ ಇಲ್ಲ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಈ ಸಲಕ್ಕೆ ಶೇಫರ್ ಸಾಕು.

ಇಳಿಯುವ ರೀತಿ

ನಾಲ್ಕಕ್ಕೂ ಒಂದೇ ಪಾಠ. ಇಳಿಯುವ ಮುನ್ನವೇ ಕೆಳಗಿನ ಗೇರಿಗೆ ಬನ್ನಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಆಟೋಮ್ಯಾಟಿಕ್ ಗಾಡಿಯಲ್ಲೂ ಗೇರನ್ನು ಕೈಯಿಂದ ಇಳಿಸುವ ವ್ಯವಸ್ಥೆ ಇರುತ್ತದೆ, ಅದು ಎಲ್ಲಿದೆ ಎಂದು ಹೋಟೆಲಿನ ಪಾರ್ಕಿಂಗ್‌ನಲ್ಲೇ ನೋಡಿಟ್ಟುಕೊಳ್ಳಿ. ಬ್ರೇಕಿನ ಮೇಲೆ ಕಾಲು ಊರಿಕೊಂಡೇ ಇಳಿದರೆ ಅದು ಕಾದು, ಸುಟ್ಟ ವಾಸನೆ ಬಂದು, ಬೇಕಾದ ಹೊತ್ತಿಗೆ ಹಿಡಿಯದೆ ಹೋಗುತ್ತದೆ. ವಾಸನೆ ಬಂದರೆ ಅಗಲವಿರುವ ಕಡೆ ನಿಲ್ಲಿಸಿ, ಹದಿನೈದು ಇಪ್ಪತ್ತು ನಿಮಿಷ ಆರಲು ಬಿಡಿ. ಪ್ರತಿ ತಿರುವಿಗೂ ಮುನ್ನ ಕೆಳಗಿನ ಎರಡು ಮೂರು ಹಂತಗಳ ಮೇಲೆ ಕಣ್ಣು ಹಾಯಿಸಿ. ಧೂಳು ಏಳುತ್ತಿದ್ದರೆ ಯಾರೋ ಹತ್ತುತ್ತಿದ್ದಾರೆ, ಅಗಲದ ಜಾಗದಲ್ಲಿ ನೀವೇ ನಿಂತು ದಾರಿ ಬಿಡಿ. ಭಾರತದಿಂದ ಹೊಸದಾಗಿ ಬಂದವರು ಒಂದು ಅಭ್ಯಾಸವನ್ನು ಬಿಗಿಯಾಗಿ ಹಿಡಿಯಬೇಕು. ಗಾಬರಿಯಾದಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ, ಇಲ್ಲಿ ಸರಿಯಬೇಕಾದದ್ದು ಬಲಕ್ಕೆ. ಈ ರಸ್ತೆಗಳಿಗೆ ಮುನ್ನ ಒಂದೆರಡು ದಿನವಾದರೂ ಮಾಮೂಲಿ ರಸ್ತೆಯಲ್ಲಿ ಓಡಿಸಿರಿ.

ರಸ್ತೆ ಬಿಟ್ಟು ಪಕ್ಕದ ಮಣ್ಣಿಗೆ ಚಕ್ರ ಹಾಕಬೇಡಿ, ಫೋಟೋಗೂ ಬೇಡ. ಕಪ್ಪು ಕಪ್ಪಾಗಿ ಉಬ್ಬಿದ ಆ ಮಣ್ಣಿನ ಹೊದಿಕೆ ಜೀವಂತವಾದದ್ದು. ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿ ಸೇರಿ ಮರಳನ್ನು ಹಿಡಿದಿಟ್ಟಿವೆ. ಒಂದು ಚಕ್ರದ ಗುರುತು ಮಾಯಲು ದಶಕಗಳು ಬೇಕು.

ಯಾರಿಗೆ ಯಾವುದು

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ ಎಂದರೆ ಮೋಕಿ, ಹತ್ತುವ ದಿಕ್ಕಿನಲ್ಲಿ. ಬಾಡಿಗೆ ರ್ಯಾಂಗ್ಲರ್ ತಂದು ಶೇಫರ್‌ಗೆ ಕರೆದೊಯ್ಯುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮಂಡಿನೋವಿನ ಅಮ್ಮ ಸೀರೆಯಲ್ಲಿ ಆ ಎತ್ತರದ ಗಾಡಿಗೆ ಹತ್ತಿ ಇಳಿಯುವುದನ್ನು, ಪೊಟಾಶ್ ರಸ್ತೆಯ ಎರಡು ಗಂಟೆಯ ಕುಲುಕಾಟವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಅವರಿಗೆ ಶೇಫರ್ ಮೇಲಿನಿಂದಲೇ ಚೆಂದ.

ಸಣ್ಣ ಮಕ್ಕಳಿದ್ದು, ಕಾರಿನಲ್ಲಿ ವಾಂತಿಯಾಗುವ ಅಭ್ಯಾಸವಿದ್ದರೆ ಬರ್ ಟ್ರೈಲ್ ಅಥವಾ ಮೋಕಿ. ಎರಡರಲ್ಲೂ ತಿರುವಿನ ಭಾಗ ಚಿಕ್ಕದು. ಹೊಟ್ಟೆ ತುಂಬ ತಿಂಡಿ ತಿಂದು ಹೊರಡಬೇಡಿ.

ಗಂಡ ಹೆಂಡತಿ ಇಬ್ಬರೇ, ಅಥವಾ ಗೆಳೆಯರ ಗುಂಪು, ಮೋಆಬ್‌ನಲ್ಲಿ ಕನಿಷ್ಠ ಎರಡು ದಿನ, ಒಂದು ದಿನದ ಜೀಪು ಬಾಡಿಗೆ ಹೊರೆಯಲ್ಲ ಎಂದರೆ ಶೇಫರ್. ಬೇರೆ ಯೋಚನೆ ಬೇಡ. ಬಾಡಿಗೆ ಹೊರೆ ಎನ್ನಿಸಿದರೆ ಚಾಲಕರಿರುವ ಪ್ರವಾಸದಲ್ಲಿ ಎರಡು ಸೀಟು. ಜೀಪು ತಂದ ದಿನ ಇನ್ನೂ ಹೊತ್ತಿದ್ದರೆ ಪೊಟಾಶ್ ರಸ್ತೆಯಿಂದ ಮೇಲಕ್ಕೆ ಹತ್ತುವ, ಬರ್ ಟ್ರೈಲಿನದಲ್ಲದ ಇನ್ನೊಂದು ಲಾಂಗ್ ಕ್ಯಾನ್ಯನ್ ಇದೆ. ಉರುಳಿ ಬಿದ್ದ ದೊಡ್ಡ ಬಂಡೆಯೊಂದರ ಅಡಿಯಲ್ಲೇ ಗಾಡಿ ನುಸುಳುತ್ತದೆ. ಬಾಡಿಗೆಗೆ ಕೊಟ್ಟವರು ಒಪ್ಪಿದರೆ ಮಾತ್ರ ಹೋಗಿ.

ಸ್ವಂತ ಕಾರಿನಲ್ಲಿ ಬರುವ, ದುಡ್ಡು ಹಿಡಿದು ಖರ್ಚು ಮಾಡುವ ವಿದ್ಯಾರ್ಥಿಗಳಿಗೆ ಮೋಕಿ ಮತ್ತು ವ್ಯಾಲಿ ಆಫ್ ದ ಗಾಡ್ಸ್ ಎರಡೂ ಬಿಟ್ಟಿ. ಬರ್ ಟ್ರೈಲಿಗೂ ಶುಲ್ಕವಿಲ್ಲ.

ಯಾವುದನ್ನೇ ಆರಿಸಿ, ಹೊರಡುವ ದಿನ ಬೆಳಿಗ್ಗೆ ವಿಸಿಟರ್ ಸೆಂಟರಿನಲ್ಲಿ ರೇಂಜರ್‌ಗಳನ್ನು ಮೂರು ಪ್ರಶ್ನೆ ಕೇಳಿ: ಇತ್ತೀಚೆಗೆ ಮಳೆಯಾಗಿದೆಯೇ, ರಸ್ತೆಯ ಯಾವ ಭಾಗ ಈಗ ಕೆಟ್ಟಿದೆ, ನನ್ನ ಗಾಡಿ ಇಂಥದ್ದು, ನೀವಾದರೆ ಹೋಗುತ್ತಿದ್ದಿರಾ? ಮೋಕಿಯ ಹತ್ತಿರ ಉದ್ಯಾನದ ಕಚೇರಿ ಇಲ್ಲ. ಅಲ್ಲಿ ಬ್ಲಫ್ ಅಥವಾ ಮೆಕ್ಸಿಕನ್ ಹ್ಯಾಟ್‌ನ ಪೆಟ್ರೋಲ್ ಬಂಕಿನಲ್ಲಿ ವಿಚಾರಿಸಿ, ಟ್ಯಾಂಕೂ ತುಂಬಿಸಿ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ತಲೆಗೆ ದಿನಕ್ಕೆ ಒಂದು ಗ್ಯಾಲನ್ ನೀರು, ಗಾಳಿ ಸರಿಯಿರುವ ಸ್ಟೆಪ್ನಿ ಟೈರು, ಜ್ಯಾಕ್ ಇದೆಯೇ ನೋಡಿ. ಆಕಾಶದಲ್ಲಿ ಮೋಡ ಕಟ್ಟಿದ್ದರೆ ಮಧ್ಯಾಹ್ನದವರೆಗೆ ಕಾಯಬೇಡಿ, ಬೆಳಿಗ್ಗೆಯೇ ಮುಗಿಸಿ. ರೇಂಜರ್ ಬೇಡ ಎಂದರೆ ಆ ದಿನಕ್ಕೆ ಆರ್ಚಸ್ ಉದ್ಯಾನದ ಡಾಂಬರು ರಸ್ತೆಗಳಿವೆ, ಡೆಡ್ ಹಾರ್ಸ್ ಪಾಯಿಂಟ್ ಇದೆ. ಮಳೆ ನಿಂತು ಬಿಸಿಲು ಬಿದ್ದು ನೆಲ ಪೂರ್ತಿ ಒಣಗಿದ ಮೇಲೆ ಮತ್ತೆ ಕೇಳಿ ನೋಡಿ.